ಸವಾರಿಗೋ, ಪ್ರದರ್ಶನಕ್ಕೋ?

ಮನುಷ್ಯನು ನಿರ್ಮಿಸುವ ಪ್ರತಿಯೊಂದು ವಸ್ತುವಿಗೂ ಒಂದು ಪ್ರಯೋಜನವಿರುತ್ತದೆ. ಕೊಡವಿರುವುದು ನೀರು ತರಲು. ದೀಪವಿರುವುದು ಬೆಳಕು ನೀಡಲು. ಬಂಡಿಯಿರುವುದು ಊರಿಂದೂರಿಗೆ ಒಯ್ಯಲು. ಆದರೆ ಮನುಷ್ಯನು ಕೇವಲ ಪ್ರಯೋಜನದಿಂದ ತೃಪ್ತನಾಗುವ ಜೀವಿಯಲ್ಲ. ಕೊಡದ ಕಂಠಕ್ಕೆ ಒಂದು ಗೆರೆ, ದೀಪದ ತುದಿಗೆ ಒಂದು ಹಂಸ, ಬಂಡಿ ಎಳೆಯುವ ಎತ್ತಿನ ಕೊರಳಿಗೆ ಒಂದು ಗೆಜ್ಜೆಸರ — ಹೀಗೆ ಅಲಂಕಾರವು ಪ್ರಯೋಜನದ ಬೆನ್ನ ಹಿಂದೆಯೇ ಬರುತ್ತದೆ. ಇದರಲ್ಲಿ ದೋಷವೇನೂ ಇಲ್ಲ; ಬದುಕಿನ ಸೊಗಸು ಇರುವುದೇ ಇದರಲ್ಲಿ. ಆದರೆ ಹಿಂದೆ ಬಂದ ಅಲಂಕಾರವು ಮುಂದೆ ನಡೆಯುತ್ತಿದ್ದ ಪ್ರಯೋಜನವನ್ನು ಪಕ್ಕಕ್ಕೆ ತಳ್ಳಿ ತಾನೇ ಯಜಮಾನಿಕೆ ವಹಿಸಿದರೆ ಆಗ ಆ ವಸ್ತು ಏನಾಗುತ್ತದೆ? ಅದರ ಒಡೆಯನು ಏನಾಗುತ್ತಾನೆ? ಪ್ರಶ್ನೆ ಹಳೆಯದು. ಆದರೆ ಅದನ್ನು ಒರೆಗೆ ಹಚ್ಚಿ ನೋಡಲು ಅಮೆರಿಕದಲ್ಲಿ ಹುಟ್ಟಿ ಬೆಳೆದ ‘ಚಾಪರ್’ ಎಂಬ ಮೋಟಾರ್ ಸೈಕಲ್ಲಿನಷ್ಟು ಸ್ಪಷ್ಟವಾದ ನಿದರ್ಶನ ಮತ್ತೊಂದು ದೊರೆಯುವುದು ಕಷ್ಟ.

ಇಂಗ್ಲಿಷಿನ ‘ಚಾಪ್’ ಎಂಬ ಮಾತಿಗೆ ಕತ್ತರಿಸು, ಕೊಚ್ಚು ಎಂಬ ಅರ್ಥವಿದೆ. ಕಾರ್ಖಾನೆಯಿಂದ ಬಂದ ಮೋಟಾರ್ ಸೈಕಲ್ಲಿನ ಹಲವು ಭಾಗಗಳನ್ನು ಕಿತ್ತುಹಾಕಿ, ಫ್ರೇಮನ್ನು ಕತ್ತರಿಸಿ, ಬೇರೊಂದು ಆಕಾರದಲ್ಲಿ ಮತ್ತೆ ವೆಲ್ಡಿಂಗ್ ಮಾಡಿ ಕಟ್ಟಿದ ವಾಹನವೇ ಚಾಪರ್. ಒಬ್ಬನ ಇಷ್ಟಕ್ಕೆ ತಕ್ಕಂತೆ ಒಂದೇ ಒಂದು ತಯಾರಾಗುವುದರಿಂದ ಅದನ್ನು ‘ಕಸ್ಟಮ್’ ಎನ್ನುತ್ತಾರೆ. ಅದರ ಮುಂದಿನ ಫೋರ್ಕ್ ಉದ್ದವಾಗಿ ಮುಂದಕ್ಕೆ ಚಾಚಿಕೊಂಡಿರುತ್ತದೆ. ಹ್ಯಾಂಡಲ್ ಭುಜದ ಎತ್ತರಕ್ಕೆ, ಕೆಲವೊಮ್ಮೆ ಅದಕ್ಕೂ ಮೇಲಕ್ಕೆ ಏರಿರುತ್ತದೆ; ಅದನ್ನು ಹಿಡಿದ ಸವಾರನು ಕೊಂಬೆಗೆ ಜೋತುಬಿದ್ದ ವಾನರನಂತೆ ಕಾಣುವುದರಿಂದ ಅಮೆರಿಕನ್ನರೇ ಅದಕ್ಕೆ ‘ಏಪ್ ಹ್ಯಾಂಗರ್’ ಎಂದು ಹಾಸ್ಯದ ಹೆಸರಿಟ್ಟರು. ಪೆಟ್ರೋಲ್ ಟ್ಯಾಂಕ್ ಬಹಳ ಚಿಕ್ಕದು. ಅದನ್ನು ಕಡಲೆಕಾಯಿಗೆ ಹೋಲಿಸಿ ‘ಪೀನಟ್ ಟ್ಯಾಂಕ್’ ಎಂದು ಕರೆದರು. ಅನೇಕ ಚಾಪರುಗಳಲ್ಲಿ ಹಿಂದಿನ ಚಕ್ರಕ್ಕೆ ಶಾಕ್ ಅಬ್ಸಾರ್ಬರ್ ಇರುವುದೇ ಇಲ್ಲ; ಅಂತಹ ಫ್ರೇಮಿಗೆ ‘ಹಾರ್ಡ್‌ಟೇಲ್’ ಎಂಬ ಹೆಸರು. ಉಳಿದಂತೆ ಕನ್ನಡಿಯಂತೆ ಹೊಳೆಯುವ ಕ್ರೋಮ್ ಲೇಪ, ಹಲವು ಪದರಗಳಲ್ಲಿ ಬಳಿದು ಉಜ್ಜಿದ ಬಣ್ಣ, ಚಿತ್ತಾರ.

ಇಂತಹ ವಾಹನವನ್ನು ನೋಡಿದವರಿಗೆ ಸಹಜವಾಗಿಯೇ ಒಂದು ಸಂದೇಹ ಮೂಡುತ್ತದೆ: ಇದು ಓಡಿಸುವುದಕ್ಕೋ, ತೋರಿಸುವುದಕ್ಕೋ? ಈ ಪ್ರಶ್ನೆ ಹೊರಗಿನವರದು ಮಾತ್ರವಲ್ಲ. ಚಾಪರ್ ಪ್ರಿಯರಲ್ಲಿಯೇ ಎರಡು ಪಂಗಡಗಳಿವೆ. ಸವಾರಿ ಮಾಡದ, ಲಾರಿ ಅಥವಾ ಟ್ರೈಲರಿನ ಮೇಲೆ ಹೇರಿಕೊಂಡು ಪ್ರದರ್ಶನಕ್ಕೆ ತಂದಿಳಿಸುವ ಬೈಕನ್ನು ಸವಾರರು ‘ಟ್ರೈಲರ್ ಕ್ವೀನ್’, ಅಂದರೆ ಟ್ರೈಲರಿನ ರಾಣಿ ಎಂದು ಮೂದಲಿಸುತ್ತಾರೆ. ಪ್ರದರ್ಶಕರಾದರೋ, ಇಷ್ಟು ಶ್ರಮವಹಿಸಿ ಮಾಡಿದ್ದನ್ನು ಮಳೆಗೂ ಜಲ್ಲಿಗೂ ಒಡ್ಡುವುದು ವಿವೇಕವೇ ಎಂದು ಮರುಪ್ರಶ್ನೆ ಹಾಕುತ್ತಾರೆ.

ಕಳೆಯುವುದರಿಂದ ಆರಂಭ

ವಿವಾದವನ್ನು ತೂಗುವ ಮುನ್ನ ಇದರ ಮೂಲವನ್ನು ತಿಳಿಯುವುದು ಅವಶ್ಯ. ಹಾರ್ಲೆ-ಡೇವಿಡ್‌ಸನ್ ಕಂಪನಿ 1903ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕೀ ನಗರದಲ್ಲಿ ಆರಂಭವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ಸುಮಾರು 90,000 ಮೋಟಾರ್ ಸೈಕಲ್ಲುಗಳನ್ನು ಸೈನ್ಯಕ್ಕಾಗಿ ತಯಾರಿಸಿತು. 1945ರಲ್ಲಿ ಯುದ್ಧ ಮುಗಿದು ಊರಿಗೆ ಮರಳಿದ ಯುವಕರಲ್ಲಿ ಅನೇಕರು ಇಂತಹ ಹಳೆಯ ಬೈಕುಗಳನ್ನು ಕಡಿಮೆ ಬೆಲೆಗೆ ಕೊಂಡರು. ಅವು ಗಟ್ಟಿಮುಟ್ಟಾಗಿದ್ದರೂ ಭಾರವಾಗಿದ್ದವು. ಓಟದ ಪಂದ್ಯಗಳಲ್ಲಿ ಭಾಗವಹಿಸುವವರು 1930ರ ದಶಕದಲ್ಲಿಯೇ ಅನುಸರಿಸುತ್ತಿದ್ದ ಉಪಾಯವನ್ನು ಇವರೂ ಅನುಸರಿಸಿದರು: ಮುಂದಿನ ಮಡ್‌ಗಾರ್ಡ್ ಕಿತ್ತೆಸೆದರು, ಹಿಂದಿನದನ್ನು ಮೊಟಕುಗೊಳಿಸಿದರು, ಬೇಡವೆನಿಸಿದ ಪೆಟ್ಟಿಗೆ, ಕವಚಗಳನ್ನೆಲ್ಲ ತೆಗೆದರು. ಈ ಬಗೆಯ ಬೈಕಿಗೆ ‘ಬಾಬರ್’ ಎಂಬ ಹೆಸರು ಬಂದಿತು. ಚಾಪರಿನ ಪೂರ್ವಜ ಇದೇ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಪದ್ಧತಿ ಹುಟ್ಟಿದ್ದು ಕೂಡಿಸುವುದರಿಂದಲ್ಲ, ಕಳೆಯುವುದರಿಂದ. ಹೊರೆ ಇಳಿದಷ್ಟೂ ವೇಗ ಹೆಚ್ಚುತ್ತದೆ ಎಂಬ ಸರಳ ಲೆಕ್ಕವೇ ಅದರ ತಳಹದಿ. ಹಣವಿಲ್ಲದ ಯುವಕನೊಬ್ಬನು ತನ್ನ ಕೈಯಿಂದಲೇ, ತನ್ನ ಅಂಗಳದಲ್ಲಿಯೇ, ಇದ್ದುದರಲ್ಲಿ ಅನಗತ್ಯವಾದುದನ್ನು ಬಿಟ್ಟು ಅಗತ್ಯವಾದುದನ್ನು ಉಳಿಸಿಕೊಂಡ ಕ್ರಮವದು. ಅದರಲ್ಲಿ ಸೌಂದರ್ಯವೂ ಇತ್ತು. ಆದರೆ ಆ ಸೌಂದರ್ಯ ಪ್ರಯೋಜನದ ನೆರಳಿನಂತೆ ತಾನಾಗಿ ಬಂದದ್ದು.

1960ರ ದಶಕದಲ್ಲಿ, ವಿಶೇಷವಾಗಿ ಕ್ಯಾಲಿಫೋರ್ನಿಯಾದಲ್ಲಿ, ಈ ನೆರಳು ತಾನೇ ನಡೆಯತೊಡಗಿತು. ಫೋರ್ಕ್ ಉದ್ದವಾಯಿತು, ಉದ್ದವಾದುದರಿಂದ ವೇಗವೇನೂ ಹೆಚ್ಚಲಿಲ್ಲ. ಹ್ಯಾಂಡಲ್ ಎತ್ತರವಾಯಿತು; ಅದರಿಂದ ಹಿಡಿತವೇನೂ ಸುಧಾರಿಸಲಿಲ್ಲ. ಬಣ್ಣ, ಕ್ರೋಮ್, ಚಿತ್ತಾರಗಳು ಬಂದವು. ಎಡ್ ರಾತ್ ಎಂಬ ಕಲಾವಿದರು 1967ರಲ್ಲಿ ಚಾಪರುಗಳಿಗೆಂದೇ ಒಂದು ಪತ್ರಿಕೆಯನ್ನು ಹೊರಡಿಸಿದರು. ಕಳೆಯುವುದರಿಂದ ಹುಟ್ಟಿದ ವಸ್ತುವಿನಲ್ಲಿ ಕೂಡಿಸುವಿಕೆ ಆರಂಭವಾಯಿತು. ಸವಾರಿ ಮತ್ತು ಪ್ರದರ್ಶನಗಳ ನಡುವಣ ವ್ಯಾಜ್ಯಕ್ಕೆ ಬೀಜ ಬಿದ್ದದ್ದು ಇಲ್ಲಿ.

ಹೆಸರಾದ ಬೈಕು, ಹೆಸರಿಲ್ಲದ ಕೈಗಳು

1969ರಲ್ಲಿ ತೆರೆಕಂಡ ‘ಈಸಿ ರೈಡರ್’ ಚಲನಚಿತ್ರವು ಚಾಪರನ್ನು ಜಗತ್ತಿಗೆ ಪರಿಚಯಿಸಿತು. ಪೀಟರ್ ಫಾಂಡಾ ಮತ್ತು ಡೆನಿಸ್ ಹಾಪರ್ ಅಭಿನಯಿಸಿದ ಇಬ್ಬರು ಯುವಕರು ಲಾಸ್ ಏಂಜಲೀಸಿನಿಂದ ನ್ಯೂ ಆರ್ಲಿಯನ್ಸ್ ಕಡೆಗೆ ಹೊರಡುತ್ತಾರೆ. ಫಾಂಡಾ ಏರಿದ ಬೈಕಿನ ಹೆಸರು ‘ಕ್ಯಾಪ್ಟನ್ ಅಮೆರಿಕ’. ಅದರ ಟ್ಯಾಂಕಿನ ಮೇಲೆ ಅಮೆರಿಕದ ಧ್ವಜದ ನಕ್ಷತ್ರಗಳೂ ಪಟ್ಟೆಗಳೂ ಇದ್ದವು. ಕಥೆಯಲ್ಲಿ ಅದೇ ಟ್ಯಾಂಕಿನೊಳಗೆ ಮಾದಕವಸ್ತು ಮಾರಿ ಗಳಿಸಿದ ಹಣವನ್ನು ಬಚ್ಚಿಡಲಾಗಿರುತ್ತದೆ. ಹೊರಗೆ ಸ್ವಾತಂತ್ರ್ಯದ ಚಿಹ್ನೆ, ಒಳಗೆ ಬಂಧನದ ಗಂಟು. ಚಿತ್ರದ ಕೊನೆಯಲ್ಲಿ ಇಬ್ಬರು ಯುವಕರೂ ದಾರಿಹೋಕರ ಗುಂಡಿಗೆ ಬಲಿಯಾಗುತ್ತಾರೆ.

ಆ ಬೈಕುಗಳನ್ನು ಕಟ್ಟಿದವರಾರು? ಲಾಸ್ ಏಂಜಲೀಸಿನ ಇಬ್ಬರು ಆಫ್ರಿಕನ್-ಅಮೆರಿಕನ್ ಕುಶಲಕರ್ಮಿಗಳು: ನಾಗರಿಕ ಹಕ್ಕುಗಳ ಚಳವಳಿಯಲ್ಲಿ ದುಡಿದಿದ್ದ ಕ್ಲಿಫರ್ಡ್ ವಾಸ್ ಮತ್ತು ಅನುಭವಿ ಮೆಕ್ಯಾನಿಕ್ ಬೆನ್ ಹಾರ್ಡಿ. ಪೊಲೀಸ್ ಇಲಾಖೆ ಹರಾಜು ಹಾಕಿದ್ದ ಹಳೆಯ ಹಾರ್ಲೆಗಳೇ ಅವರಿಗೆ ಸಾಮಗ್ರಿಯಾದವು. ಆದರೆ ಚಿತ್ರದ ಹೆಸರುಪಟ್ಟಿಯಲ್ಲಿ ಇವರ ಹೆಸರು ಬರಲಿಲ್ಲ. ಲೋಕವೆಲ್ಲ ಆ ಬೈಕನ್ನು ಗುರುತಿಸಿತು. ಅದನ್ನು ರೂಪಿಸಿದ ಕೈಗಳನ್ನು ದಶಕಗಳ ಕಾಲ ಯಾರೂ ಗುರುತಿಸಲಿಲ್ಲ. ಬೆನ್ ಹಾರ್ಡಿ 1994ರಲ್ಲಿ ತೀರಿಕೊಂಡರು. ಆ ನಂತರವಷ್ಟೇ ಇವರಿಬ್ಬರ ಪಾತ್ರ ವ್ಯಾಪಕವಾಗಿ ಬೆಳಕಿಗೆ ಬಂದಿತು.

ಚಿತ್ರಕ್ಕಾಗಿ ಕಟ್ಟಿದ ನಾಲ್ಕು ಬೈಕುಗಳಲ್ಲಿ ಮೂರು ಕಳುವಾದವು. ಕೊನೆಯ ದೃಶ್ಯದಲ್ಲಿ ನುಚ್ಚುನೂರಾದ ಒಂದು ಮಾತ್ರ ಉಳಿಯಿತು. ಅದನ್ನು ಮುಂದೆ ದುರಸ್ತಿ ಮಾಡಲಾಯಿತು. 2014ರ ಹರಾಜಿನಲ್ಲಿ, ಚಿತ್ರದಲ್ಲಿ ಉಳಿದದ್ದು ಇದೇ ಎಂದು ಮುಂದಿಟ್ಟ ಬೈಕಿಗೆ 13,50,000 ಡಾಲರುಗಳ ಕೂಗು ಬಂದಿತು. ಅದು ಮೂಲದ್ದೇ ಅಲ್ಲವೇ ಎಂಬ ವಿವಾದವೂ ಒಡನೆಯೇ ಎದ್ದಿತು. ಆ ವಿವಾದದ ಸ್ವರೂಪವನ್ನು ನೋಡಿದರೆ ಪ್ರದರ್ಶನದ ಒಳಗುಟ್ಟು ಅರ್ಥವಾಗುತ್ತದೆ. ಸವಾರಿಯ ದೃಷ್ಟಿಯಿಂದ ಮೂಲದ್ದಕ್ಕೂ ಅದರ ತದ್ರೂಪಿಗೂ ಯಾವ ಅಂತರವೂ ಇಲ್ಲ. ಎರಡೂ ಸಮನಾಗಿ ಓಡುತ್ತವೆ. ಅಂತರವಿರುವುದು ‘ಇದು ನನ್ನಲ್ಲಿದೆ’ ಎಂದು ಹೇಳಿಕೊಳ್ಳುವುದರಲ್ಲಿ ಮಾತ್ರ. ಲಕ್ಷಾಂತರ ಡಾಲರುಗಳ ಬೆಲೆ ಕಟ್ಟಿದ್ದು ಆ ಒಂದು ವಾಕ್ಯಕ್ಕೆ.

ಆಕಾರಕ್ಕೆ ತೆರುವ ಬೆಲೆ

ಪ್ರದರ್ಶನಕ್ಕಾಗಿ ಮಾಡಿದ ಬದಲಾವಣೆಗಳು ಸವಾರಿಯನ್ನು ಹೇಗೆ ಬಾಧಿಸುತ್ತವೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಏಕೆಂದರೆ ಇದು ಅಭಿರುಚಿಯ ಮಾತಷ್ಟೇ ಅಲ್ಲ, ಪ್ರಾಣದ ಮಾತು.

ಮೋಟಾರ್ ಸೈಕಲ್ಲಿನ ಮುಂದಿನ ಫೋರ್ಕ್ ನೆಟ್ಟಗೆ ನಿಂತಿರುವುದಿಲ್ಲ, ಹಿಂದಕ್ಕೆ ಒರಗಿರುತ್ತದೆ. ಸಾಮಾನ್ಯ ಬೈಕಿನಲ್ಲಿ ಈ ಓರೆ ಸುಮಾರು 25ರಿಂದ 30 ಡಿಗ್ರಿ. ಚಾಪರಿನಲ್ಲಿ ಅದು 40 ಡಿಗ್ರಿಯನ್ನು ದಾಟುವುದುಂಟು. ಓರೆ ಹೆಚ್ಚಿದಂತೆ, ಹ್ಯಾಂಡಲ್ ತಿರುಗುವ ಅಕ್ಷವು ನೆಲವನ್ನು ಸಂಧಿಸುವ ಬಿಂದುವಿಗೂ ಚಕ್ರವು ನೆಲವನ್ನು ಮುಟ್ಟುವ ಬಿಂದುವಿಗೂ ನಡುವಣ ಅಂತರ ಹೆಚ್ಚುತ್ತದೆ. ಇದರಿಂದ ನೇರವಾದ ಹೆದ್ದಾರಿಯಲ್ಲಿ ಬೈಕು ಬಹಳ ಸ್ಥಿರವಾಗಿ ಸಾಗುತ್ತದೆ. ಕ್ಯಾಲಿಫೋರ್ನಿಯಾ, ನೆವಾಡ, ಅರಿಜೋನಾಗಳ ಮರುಭೂಮಿಯ ನೇರ ರಸ್ತೆಗಳಲ್ಲಿ ಇದು ಒಂದು ಗುಣವೇ ಸರಿ. ಆದರೆ ತಿರುವಿನಲ್ಲಿ, ಸಂದಣಿಯಲ್ಲಿ, ನಿಧಾನಗತಿಯಲ್ಲಿ ಅದೇ ಗುಣ ದೋಷವಾಗುತ್ತದೆ. ಮುಂಚಕ್ರವು ಒಂದು ಬದಿಗೆ ವಾಲಿ ಬೀಳಲು ಹವಣಿಸುತ್ತದೆ, ತಿರುಗಲು ಬಹಳ ಜಾಗ ಬೇಕಾಗುತ್ತದೆ. ಜಾಣ ತಯಾರಕರು ಫೋರ್ಕ್ ಹಿಡಿಯುವ ಕ್ಲಾಂಪಿನ ಕೋನವನ್ನು ಬದಲಿಸಿ ಈ ದೋಷವನ್ನು ಬಹುಮಟ್ಟಿಗೆ ತಗ್ಗಿಸಬಲ್ಲರು. ಆದರೆ ಆ ಲೆಕ್ಕವನ್ನು ಅರಿಯದೆ ಕೇವಲ ನೋಟಕ್ಕಾಗಿ ಫೋರ್ಕ್ ಚಾಚಿದವರ ಕೈಯಲ್ಲಿ ಅದು ಅಪಾಯವೇ.

ಹಾರ್ಡ್‌ಟೇಲ್ ಫ್ರೇಮಿನಲ್ಲಿ ರಸ್ತೆಯ ಪ್ರತಿಯೊಂದು ಹೊಂಡವೂ ನೇರವಾಗಿ ಸವಾರನ ಬೆನ್ನುಮೂಳೆಗೆ ತಾಕುತ್ತದೆ. ಚಿಕ್ಕ ಟ್ಯಾಂಕಿನಿಂದಾಗಿ ಮತ್ತೆ ಮತ್ತೆ ಪೆಟ್ರೋಲಿಗಾಗಿ ನಿಲ್ಲಬೇಕಾಗುತ್ತದೆ. ಕೆಲವರು ಮುಂಚಕ್ರ ಚೊಕ್ಕಟವಾಗಿ ಕಾಣಲೆಂದು ಮುಂದಿನ ಬ್ರೇಕನ್ನೇ ತೆಗೆದುಹಾಕಿದರು. ಮೋಟಾರ್ ಸೈಕಲ್ಲನ್ನು ತಡೆದು ನಿಲ್ಲಿಸುವ ಶಕ್ತಿಯ ಬಹುಭಾಗ ಇರುವುದು ಮುಂದಿನ ಬ್ರೇಕಿನಲ್ಲಿಯೇ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಸಂಗಡಿಗರು ಲಾಸ್ ಏಂಜಲೀಸ್ ಪ್ರದೇಶದಲ್ಲಿ 900 ಮೋಟಾರ್ ಸೈಕಲ್ ಅಪಘಾತಗಳನ್ನು ಸ್ಥಳದಲ್ಲಿಯೇ ಪರಿಶೀಲಿಸಿ 1981ರಲ್ಲಿ ವರದಿಯೊಂದನ್ನು ಪ್ರಕಟಿಸಿದರು. ಚಾಪರಿನ ಮಾದರಿಯಲ್ಲಿ ಮಾರ್ಪಡಿಸಿದ ಬೈಕುಗಳು ತಮ್ಮ ಸಂಖ್ಯೆಗೆ ಮೀರಿ ಅಪಘಾತಗಳಲ್ಲಿ ಸಿಲುಕುತ್ತವೆ ಎಂಬುದು ಆ ವರದಿ ಕಂಡುಕೊಂಡ ಸಂಗತಿಗಳಲ್ಲೊಂದು. ಕ್ಯಾಲಿಫೋರ್ನಿಯಾದ ವಾಹನ ಕಾಯಿದೆಯು ಹ್ಯಾಂಡಲ್ ಹಿಡಿದ ಕೈಗಳು ಭುಜಕ್ಕಿಂತ ಆರು ಅಂಗುಲಕ್ಕಿಂತ ಮೇಲೆ ಇರಕೂಡದೆಂದು ವಿಧಿಸಿರುವುದೂ ಇದೇ ಕಾಳಜಿಯಿಂದ.

ರಸ್ತೆ ಒಬ್ಬನದಲ್ಲ. ನಿಲ್ಲದ ಬೈಕಿನ ಮುಂದೆ ದಾಟುವ ಮಗುವಿನದೂ ಹೌದು, ವೃದ್ಧರದೂ ಹೌದು. ಆದುದರಿಂದ ‘ನನ್ನ ಬೈಕು, ನನ್ನ ಇಷ್ಟ’ ಎಂಬ ಮಾತು ಮನೆಯ ಹೊಸ್ತಿಲನ್ನು ದಾಟಿದೊಡನೆ ಅರ್ಧ ಸತ್ಯವಾಗುತ್ತದೆ.

ಕಷ್ಟದ ತೋರಿಕೆ

ಈ ಕಥೆಯ ಮುಂದಿನ ಅಧ್ಯಾಯ ಇನ್ನೂ ಸ್ವಾರಸ್ಯಕರವಾದುದು. ಯುವಕರು ತಮ್ಮ ಅಂಗಳದಲ್ಲಿ ಮಾಡುತ್ತಿದ್ದುದನ್ನು ಕಾರ್ಖಾನೆಯೇ ಮಾಡಲು ಮುಂದಾಯಿತು. 1971ರಲ್ಲಿ ಹಾರ್ಲೆ-ಡೇವಿಡ್‌ಸನ್ ‘ಸೂಪರ್ ಗ್ಲೈಡ್’ ಎಂಬ ಮಾದರಿಯನ್ನು ಹೊರತಂದಿತು. 1984ರ ಮಾದರಿಯಾಗಿ ‘ಸಾಫ್ಟೇಲ್’ ಬಂದಿತು. ಹೊರನೋಟಕ್ಕೆ ಅದು ಹಳೆಯ ಹಾರ್ಡ್‌ಟೇಲ್. ಹಿಂಚಕ್ರಕ್ಕೆ ಶಾಕ್ ಅಬ್ಸಾರ್ಬರ್ ಇಲ್ಲವೇನೋ ಎಂಬಂತೆ ಕಾಣುತ್ತದೆ. ವಾಸ್ತವದಲ್ಲಿ ಶಾಕ್ ಅಬ್ಸಾರ್ಬರುಗಳನ್ನು ಬೈಕಿನ ಅಡಿಯಲ್ಲಿ ಕಣ್ಣಿಗೆ ಬೀಳದಂತೆ ಅಡಗಿಸಲಾಗಿತ್ತು. ಸವಾರನಿಗೆ ಮೆತ್ತನೆಯ ಸವಾರಿ. ನೋಡುವವರಿಗೆ ಕಠೋರ ಸವಾರಿಯ ಭ್ರಮೆ. ಯಂತ್ರಶಾಸ್ತ್ರದ ದೃಷ್ಟಿಯಿಂದ ಇದು ಮೆಚ್ಚತಕ್ಕ ಚಾತುರ್ಯ. ಸುರಕ್ಷಿತವೂ ಸುಖಕರವೂ ಆದ ಬೈಕನ್ನು ನೀಡಿದ ಕಂಪನಿಯನ್ನು ದೂರಬೇಕಾಗಿಯೂ ಇಲ್ಲ. ಆದರೆ ನೀತಿಯ ದೃಷ್ಟಿಯಿಂದ ಅದು ಒಂದು ಸೂಕ್ಷ್ಮ ಪ್ರಶ್ನೆಯನ್ನು ಎತ್ತುತ್ತದೆ: ಕಷ್ಟವನ್ನು ಅನುಭವಿಸದೆ ಕಷ್ಟಸಹಿಷ್ಣುವಿನ ಕೀರ್ತಿಯನ್ನು ಮಾತ್ರ ಪಡೆಯಬೇಕೆಂಬ ಹಂಬಲ ಎಲ್ಲಿಂದ ಬಂದಿತು? ಸಂಪತ್ತಿನ ಪ್ರದರ್ಶನ ಎಲ್ಲರಿಗೂ ತಿಳಿದದ್ದು. ಸರಳತೆಯ ಪ್ರದರ್ಶನ, ಸಾಹಸದ ಪ್ರದರ್ಶನ, ಸಹನೆಯ ಪ್ರದರ್ಶನ ಅಷ್ಟು ಸುಲಭವಾಗಿ ಗುರುತಿಗೆ ಸಿಕ್ಕುವುದಿಲ್ಲ. ಈ ದೌರ್ಬಲ್ಯ ಮೋಟಾರ್ ಸೈಕಲ್ ಏರುವವರಲ್ಲಿ ಮಾತ್ರ ಇದೆ ಎಂದು ತಿಳಿಯಬೇಕಾಗಿಲ್ಲ.

2003ರಲ್ಲಿ ಡಿಸ್ಕವರಿ ವಾಹಿನಿಯಲ್ಲಿ ಸರಣಿಯಾಗಿ ಆರಂಭವಾದ ‘ಅಮೆರಿಕನ್ ಚಾಪರ್’ ಕಾರ್ಯಕ್ರಮವು ಚಾಪರನ್ನು ಮನೆಮನೆಗೂ ತಲುಪಿಸಿತು. ನ್ಯೂಯಾರ್ಕ್ ರಾಜ್ಯದ ಒಂದು ಗ್ಯಾರೇಜಿನಲ್ಲಿ ತಂದೆ-ಮಕ್ಕಳು ಜಗಳವಾಡುತ್ತ ಒಂದೊಂದು ವಿಷಯವನ್ನಾಧರಿಸಿ ಬೈಕು ಕಟ್ಟುವುದೇ ಅದರ ವಸ್ತು. ಸಾಲ ಸುಲಭವಾಗಿ ದೊರೆಯುತ್ತಿದ್ದ ಆ ವರ್ಷಗಳಲ್ಲಿ ಲಕ್ಷ ಡಾಲರ್ ದಾಟಿದ ಬೈಕುಗಳೂ ಬಿಕರಿಯಾದವು. 2008ರ ಆರ್ಥಿಕ ಕುಸಿತದೊಡನೆ ಈ ಭರಾಟೆಯೂ ಕುಸಿಯಿತು. ಟೆಕ್ಸಾಸ್‌ನ ‘ಅಮೆರಿಕನ್ ಐರನ್‌ಹಾರ್ಸ್’ ಕಂಪನಿ ಅದೇ ವರ್ಷ ಬಾಗಿಲು ಮುಚ್ಚಿತು. ಕಾನ್ಸಾಸ್‌ನ ‘ಬಿಗ್ ಡಾಗ್’ ಕಂಪನಿ 2011ರಲ್ಲಿ ತಯಾರಿಕೆ ನಿಲ್ಲಿಸಿತು. ಯುದ್ಧಾನಂತರದ ಬಡ ಸವಾರರ ಬಾಬರ್ ಯಾವ ಆರ್ಥಿಕ ಕುಸಿತಕ್ಕೂ ಅಂಜಬೇಕಾಗಿರಲಿಲ್ಲ. ಅದು ನಿಂತಿದ್ದು ಸವಾರನ ಅಗತ್ಯದ ಮೇಲೆ. ಇದಾದರೋ ನಿಂತಿದ್ದು ನೋಡುವವರ ಕಣ್ಣಿನ ಮೇಲೆ, ಸಾಲದ ಬಲದ ಮೇಲೆ.

ಪೂರ್ವಪಕ್ಷ

ಪ್ರದರ್ಶನದ ಪರವಾದ ವಾದಗಳನ್ನು ಕೇಳದೆ ತೀರ್ಪು ನೀಡುವುದು ನ್ಯಾಯವಲ್ಲ. ಅವುಗಳಲ್ಲಿ ಮೂರು ಮುಖ್ಯವಾದವು.

ಮೊದಲನೆಯದು: ಚಾಪರ್ ಒಂದು ಶಿಲ್ಪ, ಶಿಲ್ಪವನ್ನು ನೋಡಿ ಆನಂದಿಸಬೇಕೇ ಹೊರತು ಅದರಿಂದ ಬೇರೆ ಪ್ರಯೋಜನವನ್ನು ಕೇಳಬಾರದು. ಈ ವಾದದಲ್ಲಿ ಬಲವಿದೆ. ಕ್ಯಾಲಿಫೋರ್ನಿಯಾದ ಆರ್ಲೆನ್ ನೆಸ್ ಅವರಂತಹವರು (1939–2019) ಲೋಹವನ್ನು ಮಣ್ಣಿನಂತೆ ಬಾಗಿಸಿ ಮಾಡಿದ ಬೈಕುಗಳನ್ನು ಕಂಡವರು ಅವನ್ನು ಕಲೆಯಲ್ಲವೆನ್ನಲಾರರು. ಆದರೆ ಕಲೆಗೆ ತನ್ನದೇ ಆದ ಪ್ರಾಮಾಣಿಕತೆಯೊಂದಿದೆ. ಶಿಲ್ಪವೆಂದು ಮಾಡಿದರೆ ಶಿಲ್ಪವೆಂದೇ ಕರೆಯಬೇಕು. ಎಂಜಿನ್, ಚಕ್ರ, ಹೆಡ್‌ಲೈಟುಗಳನ್ನಿಟ್ಟು ‘ನಾನು ದೂರದಾರಿಯ ಸವಾರ’ ಎಂದು ಸಾರುವ ವಸ್ತು ಗ್ಯಾರೇಜಿನಿಂದ ಪ್ರದರ್ಶನಕ್ಕೆ, ಪ್ರದರ್ಶನದಿಂದ ಗ್ಯಾರೇಜಿಗೆ ಟ್ರೈಲರಿನ ಮೇಲೆಯೇ ಓಡಾಡುವುದಾದರೆ, ಅದು ಹೇಳುವ ಮಾತಿಗೂ ಅದರ ನಡತೆಗೂ ತಾಳೆಯಿಲ್ಲ.

ಎರಡನೆಯದು: ಶ್ರಮಪಟ್ಟು ಮಾಡಿದ್ದನ್ನು ತೋರಿಸಬಯಸುವುದು ಮನುಷ್ಯಸಹಜ. ಇದೂ ನಿಜ. ಹಾರ್ಲೆಯ ತವರಾದ ವಿಸ್ಕಾನ್ಸಿನ್‌ನಲ್ಲಿಯೇ 1857ರಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ಥಾರ್ಸ್ಟೈನ್ ವೆಬ್ಲೆನ್ ಇಲ್ಲಿ ನೆನಪಾಗುತ್ತಾರೆ. ಪರರ ಕಣ್ಣಿಗೆ ಬೀಳಲೆಂದೇ ಮಾಡುವ ವೆಚ್ಚವನ್ನು ಅವರು 1899ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಕಟುವಾಗಿ ವಿಶ್ಲೇಷಿಸಿದರು. ಅದೇ ವೆಬ್ಲೆನ್ 1914ರಲ್ಲಿ ಮತ್ತೊಂದು ಗ್ರಂಥ ಬರೆದು, ಕೆಲಸವನ್ನು ಚೆನ್ನಾಗಿ ಮಾಡಬೇಕೆಂಬ ಕುಶಲಪ್ರವೃತ್ತಿಯೂ ಮನುಷ್ಯನಲ್ಲಿ ಸಹಜವಾಗಿದೆ ಎಂದು ಪ್ರತಿಪಾದಿಸಿದರು. ಒಬ್ಬನೇ ಮನುಷ್ಯನಲ್ಲಿ ಈ ಎರಡೂ ವಾಸಿಸುತ್ತವೆ. ಬೆಸುಗೆ ಕಾಣದಂತೆ ಎರಡು ಕೊಳವೆಗಳನ್ನು ಕೂಡಿಸಿದವನು ಅದನ್ನು ಬಲ್ಲವನೊಬ್ಬನಿಗೆ ತೋರಿಸಿ ಸಂತೋಷಪಟ್ಟರೆ ಅದು ಕುಶಲಿಯ ಸಂತೋಷ. ಹಣ ತೆತ್ತು ಕೊಂಡವನು ಅದನ್ನು ಕೊಳ್ಳಲಾರದವನ ಮುಂದೆ ನಿಲ್ಲಿಸಿ ಸಂತೋಷಪಟ್ಟರೆ ಅದು ಬೇರೆಯೇ. ಮೊದಲನೆಯದರಲ್ಲಿ ನೋಡುವವನು ಹಿಗ್ಗುತ್ತಾನೆ. ಎರಡನೆಯದರಲ್ಲಿ ನೋಡುವವನು ಕುಗ್ಗಬೇಕು, ಇಲ್ಲವಾದರೆ ತೋರಿಸಿದವನಿಗೆ ಸಂತೋಷವೇ ಇಲ್ಲ. ಪ್ರದರ್ಶನದ ಗುಣದೋಷಗಳನ್ನು ಅಳೆಯಲು ಇದಕ್ಕಿಂತ ಸರಳವಾದ ಅಳತೆಗೋಲು ಬೇಕಾಗಿಲ್ಲ.

ಮೂರನೆಯದು: ನೋಡುವುದಕ್ಕೆಂದೇ ಮಾಡಿದ ವಾಹನಗಳನ್ನು ಲೋಕವು ಗೌರವಿಸುತ್ತದೆಯಲ್ಲವೇ? ವರ್ಷಕ್ಕೊಮ್ಮೆ ಮಾತ್ರ ಎಳೆಯುವ ತೇರನ್ನು ‘ಇದರಿಂದ ದಿನನಿತ್ಯದ ಉಪಯೋಗವೇನು?’ ಎಂದು ಯಾರೂ ಕೇಳುವುದಿಲ್ಲ. ಹೌದು, ಆದರೆ ತೇರನ್ನು ನೋಡಿದವರ ದೃಷ್ಟಿ ಅದನ್ನು ಮಾಡಿಸಿದವನ ಮೇಲೆ ನಿಲ್ಲುವುದಿಲ್ಲ, ತೇರಿನಲ್ಲಿ ಬಿಜಯಂಗೈದ ಮೂರ್ತಿಯ ಮೇಲೆ ನಿಲ್ಲುತ್ತದೆ. ತೇರು ಊರಿನದು, ಎಳೆಯುವ ಕೈಗಳು ನೂರಾರು. ತನ್ನಾಚೆಗಿನ ಒಂದನ್ನು ತೋರಿಸುವ ಪ್ರದರ್ಶನಕ್ಕೂ ತನ್ನನ್ನೇ ತೋರಿಸಿಕೊಳ್ಳುವ ಪ್ರದರ್ಶನಕ್ಕೂ ಅಜಗಜಾಂತರವಿದೆ. ಚಾಪರುಗಳಲ್ಲಿಯೂ ಮೊದಲ ಬಗೆಯವು ಇಲ್ಲದಿಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ನ್ಯೂಯಾರ್ಕಿನ 343 ಮಂದಿ ಅಗ್ನಿಶಾಮಕ ಸಿಬ್ಬಂದಿ ಪ್ರಾಣ ತೆತ್ತರು. ‘ಅಮೆರಿಕನ್ ಚಾಪರ್’ ಕಾರ್ಯಕ್ರಮದ ತಂದೆ-ಮಕ್ಕಳೇ ಅವರ ಸ್ಮರಣೆಗಾಗಿ ‘ಫೈರ್ ಬೈಕ್’ ಎಂಬ ಚಾಪರನ್ನು ಕಟ್ಟಿದರು. ಅದನ್ನು ಓಡಿಸಿದರೇ ಇಲ್ಲವೇ ಎಂದು ಕೇಳುವುದು ಅಪ್ರಸ್ತುತ. ಅದು ಸ್ಮಾರಕ, ಸ್ಮಾರಕವಿರುವುದೇ ನೋಡುವುದಕ್ಕೆ.

ಸವಾರನೂ ಮುಕ್ತನಲ್ಲ

ಹಾಗಾದರೆ ಓಡಿಸುವವನೆಲ್ಲ ಸಾಚಾ, ನಿಲ್ಲಿಸಿಕೊಂಡವನೆಲ್ಲ ಆಡಂಬರಿ ಎನ್ನಬಹುದೇ? ಅಷ್ಟು ಸುಲಭವಾಗಿ ಈ ಪ್ರಶ್ನೆ ಬಗೆಹರಿಯುವುದಿಲ್ಲ. ಮಧ್ಯರಾತ್ರಿಯಲ್ಲಿ ಸೈಲೆನ್ಸರ್ ಕಿತ್ತ ಬೈಕನ್ನು ಓಡಿಸಿ ಊರನ್ನೆಲ್ಲ ಎಬ್ಬಿಸುವವನು ಸವಾರಿಯನ್ನೇ ಪ್ರದರ್ಶನವನ್ನಾಗಿ ಮಾಡಿದ್ದಾನೆ. ನಿಂತ ಬೈಕು ನೋಡಲು ಬಂದವರನ್ನು ಮಾತ್ರ ತಟ್ಟುತ್ತದೆ. ಈ ಸದ್ದು ಬೇಡವೆಂದವರ ಕಿವಿಯನ್ನೂ ಬಿಡುವುದಿಲ್ಲ.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ‘ಇಂಡಿಯನ್ ಲ್ಯಾರಿ’ ಎಂದು ಹೆಸರಾದ ತಯಾರಕರೊಬ್ಬರಿದ್ದರು. ಅವರು ಕಟ್ಟಿದ ಬೈಕುಗಳು ಸುಂದರವೂ ಸವಾರಿಗೆ ಯೋಗ್ಯವೂ ಆಗಿದ್ದವು. ಬೈಕು ಇರುವುದು ಓಡಿಸುವುದಕ್ಕೆ ಎಂಬುದು ಅವರ ದೃಢ ನಿಲುವಾಗಿತ್ತು. ಓಡುವ ಬೈಕಿನ ಸೀಟಿನ ಮೇಲೆ ಕೈಬಿಟ್ಟು ನೆಟ್ಟಗೆ ನಿಲ್ಲುವ ಸಾಹಸವನ್ನು ಅವರು ಜನರ ಮುಂದೆ ಮಾಡಿ ತೋರಿಸುತ್ತಿದ್ದರು. 2004ರ ಆಗಸ್ಟ್ ತಿಂಗಳಲ್ಲಿ ಉತ್ತರ ಕೆರೊಲಿನಾದ ಕಾನ್ಕಾರ್ಡ್‌ನಲ್ಲಿ ಪ್ರೇಕ್ಷಕರೆದುರು ಆ ಸಾಹಸವನ್ನು ಮಾಡುತ್ತಿರುವಾಗ ಕೆಳಗೆ ಬಿದ್ದರು. ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಎರಡು ದಿನಗಳ ಅನಂತರ ಪ್ರಾಣ ಹೋಯಿತು. ಸವಾರಿಯನ್ನೇ ನಂಬಿದ ಪ್ರಾಮಾಣಿಕ ಕುಶಲಕರ್ಮಿಯನ್ನು ಕೊನೆಗೆ ಬಲಿತೆಗೆದುಕೊಂಡದ್ದು ನೋಡುವವರ ಕಣ್ಣುಗಳೇ. ಅವರನ್ನು ಹಳಿಯುವುದು ಇಲ್ಲಿನ ಉದ್ದೇಶವಲ್ಲ. ಚಪ್ಪಾಳೆಯ ಸೆಳೆತ ಎಷ್ಟು ಬಲವಾದುದು, ಅದು ಎಂತಹವರನ್ನೂ ಹೇಗೆ ಒಳಹೊಕ್ಕು ಹಿಡಿಯುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಒಡೆಯನೋ, ಕಾವಲುಗಾರನೋ?

ಇಲ್ಲಿಗೆ ಪ್ರಶ್ನೆಯ ನಿಜವಾದ ನೆಲೆ ಗೋಚರಿಸುತ್ತದೆ. ಅದು ಬೈಕಿನಲ್ಲಿಲ್ಲ, ಬೈಕಿಗೂ ಅದರ ಒಡೆಯನಿಗೂ ನಡುವಣ ಸಂಬಂಧದಲ್ಲಿದೆ. ಪರಿಗ್ರಹವೆಂದರೆ ವಸ್ತುವಿನ ಇರುವಿಕೆಯಲ್ಲ, ಅದರಲ್ಲಿ ಮನಸ್ಸು ಮೂರ್ಛೆಹೋಗುವುದು ಎಂಬ ವಿವೇಕ ಈ ಪುಟಗಳ ಓದುಗರಿಗೆ ಹೊಸದಲ್ಲ. ಆ ಮೂರ್ಛೆಯನ್ನು ಗುರುತಿಸಲು ಒಂದು ಸುಲಭವಾದ ಲಕ್ಷಣವಿದೆ: ಒಡೆಯನು ವಸ್ತುವನ್ನು ಉಪಯೋಗಿಸಲು ಹೆದರುತ್ತಾನೆಯೇ? ಬಣ್ಣಕ್ಕೆ ಗೀರು ಬೀಳುವುದೆಂದು ರಸ್ತೆಗಿಳಿಸುವುದಿಲ್ಲ; ಮಳೆಯ ಹನಿ ತಾಕುವುದೆಂದು ಹೊರಗಿಡುವುದಿಲ್ಲ; ಮಗು ಮುಟ್ಟಿದರೆ ಗದರುತ್ತಾನೆ; ಗೆಳೆಯನಿಗೆ ಒಂದು ಸುತ್ತು ಕೊಡಲು ಮನಸ್ಸಾಗುವುದಿಲ್ಲ. ಇಂತಹವನು ಬೈಕಿನ ಒಡೆಯನಲ್ಲ, ಬೈಕಿನ ಕಾವಲುಗಾರ. ಸಂಬಳವಿಲ್ಲದ, ರಜೆಯಿಲ್ಲದ, ತಾನೇ ಹಣ ತೆತ್ತು ಪಡೆದ ಕಾವಲುಗಾರಿಕೆ. ಸ್ವಾತಂತ್ರ್ಯದ ಚಿಹ್ನೆಯೆಂದು ಜಗತ್ತು ಕೊಂಡಾಡಿದ ವಸ್ತುವಿನಿಂದಲೇ ಮನುಷ್ಯ ಹೀಗೆ ಬಂಧಿತನಾಗುವುದು ಈ ಕಥೆಯ ದೊಡ್ಡ ವಿಪರ್ಯಾಸ.

ಇದಕ್ಕೆ ಪ್ರತಿಯಾಗಿ ಮತ್ತೊಂದು ಮೋಟಾರ್ ಸೈಕಲ್ಲನ್ನು ಗಮನಿಸಬಹುದು. ಯೌವನದಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಭಾರತೀಯ ದರ್ಶನವನ್ನು ಅಭ್ಯಾಸ ಮಾಡಿದ್ದ ರಾಬರ್ಟ್ ಪಿರ್ಸಿಗ್ 1968ರಲ್ಲಿ ತಮ್ಮ ಮಗನನ್ನು ಹಿಂದೆ ಕೂರಿಸಿಕೊಂಡು ಮಿನೆಸೋಟದಿಂದ ಕ್ಯಾಲಿಫೋರ್ನಿಯಾಕ್ಕೆ ಪ್ರಯಾಣ ಮಾಡಿದರು. ಅವರ ವಾಹನ ಚಾಪರ್ ಅಲ್ಲ. ಕಾರ್ಖಾನೆಯಿಂದ ಬಂದ ಸಾಧಾರಣ ಹೋಂಡಾ. ದಾರಿಯುದ್ದಕ್ಕೂ ಅದನ್ನು ತಮ್ಮ ಕೈಯಾರೆ ನೋಡಿಕೊಂಡರು. ಆ ಪ್ರಯಾಣವನ್ನು ಆಧರಿಸಿ ಅವರು ಬರೆದ ‘ಝೆನ್ ಅಂಡ್ ದ ಆರ್ಟ್ ಆಫ್ ಮೋಟಾರ್‌ಸೈಕಲ್ ಮೇಂಟೆನೆನ್ಸ್’ 1974ರಲ್ಲಿ ಪ್ರಕಟವಾಗಿ ವಿಶ್ವವಿಖ್ಯಾತವಾಯಿತು. ಯಂತ್ರವನ್ನು ಗಮನವಿಟ್ಟು ನೋಡಿಕೊಳ್ಳುವುದಕ್ಕೂ ಮನಸ್ಸನ್ನು ನೋಡಿಕೊಳ್ಳುವುದಕ್ಕೂ ಸಂಬಂಧವಿದೆ ಎಂಬುದು ಆ ಗ್ರಂಥದ ಮುಖ್ಯ ವಿಚಾರಗಳಲ್ಲೊಂದು. ಆ ಹೋಂಡಾ ಬೈಕು ಈಗ ಅಮೆರಿಕದ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದ ವಶದಲ್ಲಿದೆ; 2024ರಲ್ಲಿ ಅದನ್ನು ಸಾರ್ವಜನಿಕರ ವೀಕ್ಷಣೆಗೆ ಇಡಲಾಯಿತು. ಅಂದರೆ ಅದೂ ಕೊನೆಗೆ ಪ್ರದರ್ಶನದ ವಸ್ತುವೇ ಆಯಿತು! ಆದರೆ ಅದು ತನ್ನ ಕೆಲಸವನ್ನು ಮುಗಿಸಿದ ಮೇಲೆ ನಿಂತಿದೆ. ನೋಡುವವರು ಅದರಲ್ಲಿ ಕ್ರೋಮ್ ಹೊಳಪನ್ನಲ್ಲ, ಕ್ರಮಿಸಿದ ದಾರಿಯನ್ನು ಕಾಣುತ್ತಾರೆ. ಉಪಯೋಗದಿಂದ ಪಡೆದ ಗೌರವಕ್ಕೂ ಉಪಯೋಗವನ್ನು ತಪ್ಪಿಸಿ ಪಡೆಯಬಯಸುವ ಗೌರವಕ್ಕೂ ಇರುವ ವ್ಯತ್ಯಾಸ ಇಷ್ಟೇ.

ಆದುದರಿಂದ ಚಾಪರ್ ಇರುವುದು ಸವಾರಿಗೆ ಎಂಬುದೇ ಸರಿಯಾದ ಉತ್ತರ. ಪ್ರದರ್ಶನಕ್ಕೆ ಅಲ್ಲಿ ಸ್ಥಾನವಿದೆ, ಆದರೆ ಎರಡನೆಯ ಸ್ಥಾನ. ಮಾಡಿದ ಕೈಯ ಹೆಸರನ್ನು ಮರೆಸದ, ರಸ್ತೆಯಲ್ಲಿ ಪರರ ಪ್ರಾಣಕ್ಕೂ ನೆಮ್ಮದಿಗೂ ಎರವಾಗದ, ನೋಡುವವನನ್ನು ಕುಗ್ಗಿಸದ, ಒಡೆಯನನ್ನು ಹೆದರಿಸದ ಅಲಂಕಾರ ಎಷ್ಟಿದ್ದರೂ ಅದು ಬೈಕಿಗೆ ಭೂಷಣವೇ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಭೂಷಣವು ಭಾರವಾಗುತ್ತದೆ.

ಭಾರತದಲ್ಲಿಯೂ ಬುಲೆಟ್ ಮೊದಲಾದ ಬೈಕುಗಳನ್ನು ಚಾಪರಿನ ರೂಪಕ್ಕೆ ಮಾರ್ಪಡಿಸುವ ಹವ್ಯಾಸ ಯುವಕರಲ್ಲಿ ಕಂಡುಬರುತ್ತದೆ. ನೋಂದಣಿ ಪುಸ್ತಕದಲ್ಲಿ ನಮೂದಾದ, ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಬದಲಿಸಕೂಡದೆಂದು ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಮನೆಯ ಮಗನೊಬ್ಬ ಇಂತಹ ಬಯಕೆಯನ್ನು ಮುಂದಿಟ್ಟಾಗ ಹಿರಿಯರು ಕಾಯಿದೆಯನ್ನು ತಿಳಿಸಬೇಕಾದುದು ಕರ್ತವ್ಯ. ಆದರೆ ಕಾಯಿದೆ ಹೊರಗಿನ ಬೇಲಿ ಮಾತ್ರ. ಅದರ ಜೊತೆಗೆ ‘ಇದನ್ನು ಯಾರೂ ನೋಡದ ದಾರಿಯಲ್ಲಿಯೂ ನೀನು ಇಷ್ಟೇ ಸಂತೋಷದಿಂದ ಓಡಿಸುವೆಯಾ?’ ಎಂಬ ಪ್ರಶ್ನೆಯನ್ನೂ ಕೇಳಬಹುದು. ಹೌದೆಂಬ ಉತ್ತರ ಪ್ರಾಮಾಣಿಕವಾಗಿ ಬಂದರೆ ಆ ಹುಡುಗನಿಗೆ ಬೇಕಾಗಿರುವುದು ಬೈಕು. ಉತ್ತರ ತಡವರಿಸಿದರೆ ಅವನಿಗೆ ಬೇಕಾಗಿರುವುದು ಬೇರೇನೋ. ಅದನ್ನು ಯಾವ ಗ್ಯಾರೇಜಿನಲ್ಲಿಯೂ ಕಟ್ಟಿಕೊಡಲು ಸಾಧ್ಯವಿಲ್ಲ.